ರಸ್ತೆ ಕಾರಿಗೆ ಡ್ರ್ಯಾಗ್ ರೇಸ್ ಟೈರ್ ಅಳವಡಿಕೆ ಹಾಗೂ ಶಕ್ತಿ ರವಾನೆ ವ್ಯವಸ್ಥೆಯ ದೃಢತೆ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ನೋಂದಣಿ ನವೀಕರಣ, ಅರ್ಹತಾ ಪತ್ರ, ಮಾಲೀಕತ್ವ ವರ್ಗಾವಣೆ ಹಾಗೂ ವಾಹನ ಮಾರ್ಪಾಡು ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿ ಲೇಖನವನ್ನು ಪ್ರಕಟಿಸಲಾಗಿದೆ. ಬೀದರ್ ನಗರ, ನೌಬಾದ, ಭಾಲ್ಕಿ ಮತ್ತು ಔರಾದ ಭಾಗದ ವಾಹನ ಮಾಲೀಕರಿಗೆ, ಅಂದರೆ ಕೆಎ-38 ಮತ್ತು ಕೆಎ-39 ಸರಣಿಯ ವಾಹನಗಳನ್ನು ಹೊಂದಿರುವವರಿಗೆ, ಇದು ವಿಶೇಷವಾಗಿ ಉಪಯುಕ್ತವಾಗುವುದು.

ಕಾರಿನ ಟೈರುಗಳನ್ನು ಬದಲಾಯಿಸುವುದು ಅತ್ಯಂತ ಸರಳವಾದ ಮಾರ್ಪಾಡು ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿ ಇದೆ. ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ಬೇರೆ ಚಕ್ರವನ್ನು ಕೂಡಿಸಿದರೆ ಕೆಲಸ ಮುಗಿಯಿತು ಎಂದು ಭಾವಿಸಲಾಗುತ್ತದೆ. ಆದರೆ ಅತಿ ಹೆಚ್ಚಿನ ಹಿಡಿತವುಳ್ಳ ಡ್ರ್ಯಾಗ್ ರೇಸ್ ಟೈರನ್ನು ರಸ್ತೆ ಕಾರಿಗೆ ಅಳವಡಿಸಿದಾಗ, ಅದರ ಪರಿಣಾಮವು ಟೈರಿಗೆ ಸೀಮಿತವಾಗದೆ ಕ್ಲಚ್, ಗೇರ್ ಬಾಕ್ಸ್, ಡಿಫರೆನ್ಷಿಯಲ್ ಮತ್ತು ಅಚ್ಚುಗಳವರೆಗೆ ತಲುಪುತ್ತದೆ. ಈ ಭಾಗಗಳು ಮುರಿಯುವುದರಿಂದ ಆಗುವ ಹಾನಿಯು ಹಣದ ನಷ್ಟವಷ್ಟೇ ಅಲ್ಲ, ಪ್ರಾಣಾಪಾಯವೂ ಆಗಿರುತ್ತದೆ. ಆದುದರಿಂದ ಈ ವಿಷಯದ ತಾಂತ್ರಿಕ ಹಾಗೂ ಕಾನೂನು ಅಂಶಗಳನ್ನು ಈ ಕೆಳಗೆ ಕ್ರಮವಾಗಿ ವಿವರಿಸಲಾಗಿದೆ.

2. ಡ್ರ್ಯಾಗ್ ರೇಸ್ ಮತ್ತು ಅದರ ಟೈರ್

ಎರಡು ವಾಹನಗಳು ನಿಂತ ಸ್ಥಿತಿಯಿಂದ ಹೊರಟು, ನೇರವಾದ ಪಥದಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಅತಿ ಕಡಿಮೆ ಸಮಯದಲ್ಲಿ ಕ್ರಮಿಸುವ ಸ್ಪರ್ಧೆಯೇ ಡ್ರ್ಯಾಗ್ ರೇಸ್. ಅಮೆರಿಕದಲ್ಲಿ ಬೆಳೆದ ಈ ಕ್ರೀಡೆಯನ್ನು ನಿಯಂತ್ರಿಸಲು ಅಲ್ಲಿ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಭಾರತದಲ್ಲಿ ಮೋಟಾರು ಕ್ರೀಡೆಗಳನ್ನು ಚೆನ್ನೈಯಲ್ಲಿ ಕಚೇರಿ ಹೊಂದಿರುವ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟವು ನಿಯಂತ್ರಿಸುತ್ತದೆ. ಮಹಾರಾಷ್ಟ್ರದ ಆಂಬಿ ವ್ಯಾಲಿಯ ವಿಮಾನ ಪಥದಲ್ಲಿ ಇಂತಹ ಸ್ಪರ್ಧೆಗಳು ನಡೆದಿವೆ.

ಈ ಸ್ಪರ್ಧೆಗೆ ಬಳಸುವ ಟೈರುಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

(ಅ) ಸ್ಲಿಕ್ ಟೈರ್: ಇದರ ಮೇಲ್ಮೈ ಸಂಪೂರ್ಣ ನುಣುಪಾಗಿದ್ದು, ನೀರನ್ನು ಹೊರಚೆಲ್ಲುವ ಗೆರೆಗಳು ಇರುವುದಿಲ್ಲ. ರಬ್ಬರ್ ಬಹಳ ಮೃದುವಾಗಿರುತ್ತದೆ. ಪಕ್ಕದ ಗೋಡೆಯು ತೆಳುವಾಗಿದ್ದು, ವಾಹನ ಹೊರಡುವಾಗ ಸುಕ್ಕುಗಟ್ಟಿ ನೆಲವನ್ನು ಹೆಚ್ಚು ವಿಸ್ತಾರವಾಗಿ ಹಿಡಿಯುತ್ತದೆ.

(ಆ) ಡ್ರ್ಯಾಗ್ ರೇಡಿಯಲ್ ಟೈರ್: ಇದು ರೇಡಿಯಲ್ ರಚನೆಯ ಟೈರ್ ಆಗಿದ್ದು, ಅಲ್ಪ ಪ್ರಮಾಣದ ಗೆರೆಗಳನ್ನು ಹೊಂದಿರುತ್ತದೆ. ಹೊರನೋಟಕ್ಕೆ ರಸ್ತೆ ಟೈರಿನಂತೆಯೇ ಕಂಡರೂ ಇದರ ರಬ್ಬರ್ ಸ್ಪರ್ಧೆಗೆಂದೇ ತಯಾರಾದದ್ದು.

ಎರಡನೆಯ ವಿಧದ ಕೆಲವು ಟೈರುಗಳ ಮೇಲೆ ಡಾಟ್ ಎಂಬ ಗುರುತು ಇರುತ್ತದೆ. ಇದು ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡಕ್ಕೆ ಒಳಪಟ್ಟಿರುವುದಾಗಿ ತಯಾರಕರೇ ನೀಡುವ ಘೋಷಣೆ. ಈ ಗುರುತು ಇರುವ ಮಾತ್ರಕ್ಕೆ ಟೈರು ಭಾರತದ ರಸ್ತೆಗಳಿಗೆ ಅಂಗೀಕೃತವೆಂದು ಅರ್ಥವಲ್ಲ. ನಮ್ಮ ದೇಶದಲ್ಲಿ ಪ್ರಯಾಣಿಕ ಕಾರುಗಳ ಟೈರಿಗೆ ಐಎಸ್ 15633 ಎಂಬ ಭಾರತೀಯ ಮಾನಕವು ಅನ್ವಯಿಸುತ್ತದೆ.

3. ಶಕ್ತಿ ರವಾನೆ ವ್ಯವಸ್ಥೆ ಎಂದರೇನು?

ಎಂಜಿನ್‌ನಲ್ಲಿ ಉತ್ಪತ್ತಿಯಾಗುವ ತಿರುಚುಬಲವು ಚಕ್ರವನ್ನು ತಲುಪುವವರೆಗೆ ಹಾದುಹೋಗುವ ಎಲ್ಲ ಭಾಗಗಳ ಸಮೂಹಕ್ಕೆ ಶಕ್ತಿ ರವಾನೆ ವ್ಯವಸ್ಥೆ ಎಂದು ಹೆಸರು. ಅದರ ಕೊಂಡಿಗಳು ಕ್ರಮವಾಗಿ ಇಂತಿವೆ:

(1) ಫ್ಲೈವೀಲ್ ಮತ್ತು ಕ್ಲಚ್
(2) ಗೇರ್ ಬಾಕ್ಸ್
(3) ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಮತ್ತು ಅದರ ಯೂನಿವರ್ಸಲ್ ಜಾಯಿಂಟುಗಳು
(4) ಕ್ರೌನ್ ಮತ್ತು ಪಿನಿಯನ್ ಸಹಿತ ಡಿಫರೆನ್ಷಿಯಲ್
(5) ಮುಂಚಕ್ರ ಚಾಲನೆಯ ಕಾರುಗಳಲ್ಲಿ ಡ್ರೈವ್ ಶಾಫ್ಟ್ ಮತ್ತು ಸಿ.ವಿ. ಜಾಯಿಂಟ್, ಹಿಂಚಕ್ರ ಚಾಲನೆಯಲ್ಲಿ ಆಕ್ಸಲ್ ಶಾಫ್ಟ್
(6) ಹಬ್, ಬೋಲ್ಟು ಮತ್ತು ಚಕ್ರ

ಈ ಸರಪಳಿಯ ಕೊನೆಯ ಕೊಂಡಿ ಟೈರು. ಟೈರು ನೆಲವನ್ನು ಎಷ್ಟು ಬಲವಾಗಿ ಹಿಡಿಯಬಲ್ಲದೋ ಅಷ್ಟೇ ತಿರುಚುಬಲವನ್ನು ಹಿಂದಿನ ಕೊಂಡಿಗಳು ಹೊರಬೇಕಾಗುತ್ತದೆ. ಹಿಡಿತ ಮೀರಿದರೆ ಟೈರು ಜಾರಿ ಸುಮ್ಮನೆ ತಿರುಗುತ್ತದೆ. ಮನೆಯ ವಿದ್ಯುತ್ ಮಂಡಳದಲ್ಲಿ ಫ್ಯೂಸ್ ಮಾಡುವ ಕೆಲಸವನ್ನೇ ಇಲ್ಲಿ ಸಾಮಾನ್ಯ ಟೈರು ಮಾಡುತ್ತದೆ. ತಾನು ಸೋತು, ಬೆಲೆಬಾಳುವ ಭಾಗಗಳನ್ನು ಉಳಿಸುತ್ತದೆ. ಡ್ರ್ಯಾಗ್ ಟೈರ್ ಅಳವಡಿಸುವುದೆಂದರೆ ಆ ಫ್ಯೂಸ್ ತೆಗೆದು ದಪ್ಪ ತಂತಿಯನ್ನು ಕಟ್ಟಿದಂತೆ.

4. ರೈತರಿಗೆ ಪರಿಚಿತವಾದ ಉದಾಹರಣೆ

ಭಾಲ್ಕಿ ಮತ್ತು ಔರಾದ ತಾಲೂಕುಗಳ ಕಪ್ಪು ಮಣ್ಣಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಈ ತತ್ವವು ಹೊಸದೇನಲ್ಲ. ನೇಗಿಲು ಆಳಕ್ಕೆ ಇಳಿದಾಗ ಹಿಂಚಕ್ರಗಳು ಜಾರುತ್ತವೆ. ಜಾರುವುದನ್ನು ತಡೆಯಲು ಚಕ್ರಗಳಿಗೆ ಕಬ್ಬಿಣದ ತೂಕಗಳನ್ನು ಬಿಗಿಯಲಾಗುತ್ತದೆ, ಟೈರಿನೊಳಗೆ ನೀರನ್ನು ತುಂಬಲಾಗುತ್ತದೆ. ಇದರಿಂದ ಹಿಡಿತ ಹೆಚ್ಚುತ್ತದೆ. ಆದರೆ ಎಷ್ಟು ತೂಕ ಸೇರಿಸಬಹುದು ಎಂಬುದಕ್ಕೆ ಟ್ರ್ಯಾಕ್ಟರ್ ತಯಾರಕರು ಕೈಪಿಡಿಯಲ್ಲಿ ಮಿತಿಯನ್ನು ನಿಗದಿಪಡಿಸಿರುತ್ತಾರೆ. ಆ ಮಿತಿಯನ್ನು ಮೀರಿ ತೂಕ ಹಾಕಿದಾಗ ಚಕ್ರ ಜಾರುವುದು ನಿಲ್ಲುತ್ತದೆ, ಹೊರೆಯೆಲ್ಲ ಹಿಂಬದಿಯ ಗೇರುಗಳ ಮೇಲೆ ಬೀಳುತ್ತದೆ. ಹೊಲದಲ್ಲಿ ಚಕ್ರವು ಅಲ್ಪ ಪ್ರಮಾಣದಲ್ಲಿ ಜಾರುತ್ತಿರುವುದೇ ಟ್ರ್ಯಾಕ್ಟರಿನ ಆರೋಗ್ಯಕ್ಕೆ ಒಳ್ಳೆಯದು ಎಂಬುದನ್ನು ಅನುಭವಿ ಚಾಲಕರು ಬಲ್ಲರು.

ಕಾರಿನ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ. ಟ್ರ್ಯಾಕ್ಟರಿನ ಹಿಂಬದಿಯ ಗೇರುಗಳನ್ನು ನಿಧಾನವಾದ ಭಾರೀ ಎಳೆತಕ್ಕಾಗಿಯೇ ನಿರ್ಮಿಸಲಾಗಿರುತ್ತದೆ. ರಸ್ತೆ ಕಾರಿನ ಭಾಗಗಳನ್ನಾದರೋ ತೂಕ ಹಾಗೂ ಇಂಧನ ಉಳಿತಾಯದ ದೃಷ್ಟಿಯಿಂದ ಅಗತ್ಯವಿರುವಷ್ಟೇ ಗಾತ್ರದಲ್ಲಿ ತಯಾರಿಸಲಾಗುತ್ತದೆ.

5. ಲೆಕ್ಕದ ಮೂಲಕ ವಿವರಣೆ

ಸಾರ್ವಜನಿಕರ ತಿಳಿವಳಿಕೆಗಾಗಿ ಒಂದು ಸರಳ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಇದು ಯಾವುದೇ ನಿರ್ದಿಷ್ಟ ಕಂಪನಿಯ ಕಾರಿಗೆ ಸಂಬಂಧಿಸಿದ್ದಲ್ಲ. ಚಾಲಕನೂ ಸೇರಿ 1000 ಕಿ.ಗ್ರಾಂ. ತೂಕವುಳ್ಳ, ಮುಂಚಕ್ರ ಚಾಲನೆಯ ಒಂದು ಸಾಧಾರಣ ಕಾರನ್ನು ಭಾವಿಸಿಕೊಳ್ಳಬಹುದು. ಎಂಜಿನ್ನಿನ ಗರಿಷ್ಠ ತಿರುಚುಬಲ 110 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 3.5, ಅಂತಿಮ ಗೇರಿನ ಅನುಪಾತ 4, ಟೈರಿನ ತ್ರಿಜ್ಯ 0.28 ಮೀಟರ್ ಎಂದಿರಲಿ.

(ಅ) ಎಂಜಿನ್ ಕಡೆಯಿಂದ ಲಭ್ಯವಾಗುವ ತಿರುಚುಬಲ: 110 x 3.5 x 4 = 1540 ನ್ಯೂಟನ್ ಮೀಟರ್.

(ಆ) ಸಾಮಾನ್ಯ ಟೈರ್ ಇದ್ದಾಗ: ಕಾರು ಜೋರಾಗಿ ಹೊರಟಾಗ ತೂಕವು ಹಿಂದಕ್ಕೆ ವಾಲುವುದರಿಂದ, ಮುಂಚಕ್ರಗಳ ಮೇಲೆ ಸುಮಾರು 500 ಕಿ.ಗ್ರಾಂ. ಉಳಿಯುತ್ತದೆ. ಇದು 4900 ನ್ಯೂಟನ್ ಬಲಕ್ಕೆ ಸಮ. ಘರ್ಷಣಾಂಕ 0.8 ಎಂದು ಹಿಡಿದರೆ ಎಳೆತದ ಬಲ 3920 ನ್ಯೂಟನ್. ಇದನ್ನು 0.28ರಿಂದ ಗುಣಿಸಿದಾಗ ಸುಮಾರು 1098 ನ್ಯೂಟನ್ ಮೀಟರ್ ಬರುತ್ತದೆ. ಇದಕ್ಕಿಂತ ಹೆಚ್ಚಾದರೆ ಟೈರು ಜಾರುತ್ತದೆ.

(ಇ) ಡ್ರ್ಯಾಗ್ ಟೈರ್ ಇದ್ದಾಗ: ವೇಗೋತ್ಕರ್ಷ ಹೆಚ್ಚಾಗುವುದರಿಂದ ಮುಂಚಕ್ರಗಳ ಮೇಲಿನ ತೂಕ ಸುಮಾರು 450 ಕಿ.ಗ್ರಾಂ.ಗೆ ಇಳಿಯುತ್ತದೆ. ಇದು 4410 ನ್ಯೂಟನ್. ಘರ್ಷಣಾಂಕ 1.4 ಎಂದು ಹಿಡಿದರೆ ಎಳೆತದ ಬಲ 6174 ನ್ಯೂಟನ್. ತ್ರಿಜ್ಯದಿಂದ ಗುಣಿಸಿದಾಗ ಸುಮಾರು 1729 ನ್ಯೂಟನ್ ಮೀಟರ್ ಬರುತ್ತದೆ.

ಮೇಲಿನ ಲೆಕ್ಕದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಾಮಾನ್ಯ ಟೈರಿನಲ್ಲಿ ಎಂಜಿನ್ನಿನ ಪೂರ್ಣ ಬಲ ಬರುವ ಮುನ್ನವೇ ಟೈರು ಜಾರುತ್ತಿತ್ತು. ಡ್ರ್ಯಾಗ್ ಟೈರಿನಲ್ಲಿ ಎಂಜಿನ್ನಿನ ಪೂರ್ಣ ಬಲವನ್ನು ಕೊಟ್ಟರೂ ಅದು ಜಾರುವುದಿಲ್ಲ. ಎರಡನೆಯದಾಗಿ, ಎಂಜಿನ್ನಿನ ವೇಗವನ್ನು ಏರಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಾಗ, ತಿರುಗುತ್ತಿರುವ ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿಯೂ ಆ ಕ್ಷಣದಲ್ಲಿ ಸೇರಿಕೊಂಡು, ಹೊರೆಯು 1540ನ್ನೂ ಮೀರಿ 1729ರ ಮಿತಿಯವರೆಗೆ ಏರಬಹುದು. ಅಂದರೆ ಎಂಜಿನ್ನಿನಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ಟೈರು ಮಾತ್ರ ಬದಲಾಯಿಸಿದ್ದರಿಂದ ಶಾಫ್ಟುಗಳ ಮೇಲಿನ ಗರಿಷ್ಠ ಹೊರೆ ಸುಮಾರು ಶೇಕಡ 57ರಷ್ಟು ಹೆಚ್ಚಿತು.

ಶಾಫ್ಟಿನ ಬಲವು ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಅದೇ ಲೋಹದಲ್ಲಿ ಶೇಕಡ 57ರಷ್ಟು ಹೆಚ್ಚಿನ ಹೊರೆಯನ್ನು ಅಷ್ಟೇ ಸುರಕ್ಷಿತವಾಗಿ ಹೊರಬೇಕಾದರೆ 24 ಮಿ.ಮೀ. ವ್ಯಾಸದ ಶಾಫ್ಟಿನ ಬದಲಿಗೆ ಸುಮಾರು 28 ಮಿ.ಮೀ. ವ್ಯಾಸದ ಶಾಫ್ಟ್ ಬೇಕಾಗುತ್ತದೆ. ನಾಲ್ಕು ಮಿಲಿಮೀಟರ್ ಎಂಬುದು ಸಣ್ಣ ಅಂತರವೆಂದು ತೋರಬಹುದು. ಆದರೆ ದಪ್ಪ ಶಾಫ್ಟ್ ಹಾಕಲು ಅದಕ್ಕೆ ತಕ್ಕ ಜಾಯಿಂಟ್, ಡಿಫರೆನ್ಷಿಯಲ್ ಗೇರು, ಹಬ್ ಮತ್ತು ಬೇರಿಂಗುಗಳೂ ಬೇಕಾಗುತ್ತವೆ ಎಂಬುದನ್ನು ಗಮನಿಸತಕ್ಕದ್ದು.

6. ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಹೆಚ್ಚಿನ ಅಪಾಯ

ಜೀಪು, ಪಿಕಪ್ ಹಾಗೂ ಹಳೆಯ ಮಾದರಿಯ ಕಾರುಗಳಲ್ಲಿ ಚಾಲನೆಯು ಹಿಂಚಕ್ರಗಳಿಗೆ ಇರುತ್ತದೆ. ಇಂತಹ ವಾಹನ ಜೋರಾಗಿ ಹೊರಟಾಗ ತೂಕವು ಹಿಂದಕ್ಕೆ ವಾಲಿ ಚಾಲಕ ಚಕ್ರಗಳನ್ನು ಮತ್ತಷ್ಟು ಒತ್ತುತ್ತದೆ. ಹಿಡಿತ ಹೆಚ್ಚಿದಷ್ಟೂ ವೇಗೋತ್ಕರ್ಷ ಹೆಚ್ಚುತ್ತದೆ, ವೇಗೋತ್ಕರ್ಷ ಹೆಚ್ಚಿದಷ್ಟೂ ಹಿಂದಿನ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದಷ್ಟೂ ಮತ್ತೆ ಹಿಡಿತ ಹೆಚ್ಚುತ್ತದೆ. ಹೀಗಾಗಿ ಮುಂಚಕ್ರ ಚಾಲನೆಯ ಕಾರಿಗಿಂತ ಇಲ್ಲಿ ಶಾಫ್ಟುಗಳ ಮೇಲೆ ಬೀಳುವ ಹೊರೆ ಇನ್ನೂ ಅಧಿಕವಾಗಿರುತ್ತದೆ.

ಲಘು ವಾಹನಗಳಲ್ಲಿ ಸಾಮಾನ್ಯವಾಗಿ ಸೆಮಿ ಫ್ಲೋಟಿಂಗ್ ಎಂಬ ರಚನೆಯ ಹಿಂಬದಿ ಅಚ್ಚು ಇರುತ್ತದೆ. ಇದರಲ್ಲಿ ಚಕ್ರವು ನೇರವಾಗಿ ಆಕ್ಸಲ್ ಶಾಫ್ಟಿಗೇ ಜೋಡಿಸಲ್ಪಟ್ಟಿರುವುದರಿಂದ, ಶಾಫ್ಟ್ ಮುರಿದರೆ ಮುರಿದ ತುಂಡಿನೊಂದಿಗೆ ಚಕ್ರವೇ ಕಳಚಿ ಹೊರಬರುವ ಸಂಭವವಿರುತ್ತದೆ. ಲಾರಿಗಳಲ್ಲಿರುವ ಫುಲ್ ಫ್ಲೋಟಿಂಗ್ ರಚನೆಯಲ್ಲಿ ಚಕ್ರದ ಭಾರವನ್ನು ಹೊರಗಿನ ಕವಚವು ಹೊರುವುದರಿಂದ, ಶಾಫ್ಟ್ ಮುರಿದರೂ ಚಕ್ರವು ಸ್ಥಾನದಲ್ಲಿಯೇ ಉಳಿಯುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಜಾಯಿಂಟ್ ಮುರಿದಾಗ ಒದಗುವ ಅಪಾಯವು ಇನ್ನೂ ಗಂಭೀರ. ಶಾಫ್ಟಿನ ಮುಂತುದಿಯು ರಸ್ತೆಗೆ ಬಿದ್ದು ನೆಲಕ್ಕೆ ಊರಿಕೊಂಡರೆ, ವಾಹನದ ಹಿಂಭಾಗವು ಮೇಲೆದ್ದು ಮಗುಚಬಹುದು. ಈ ಕಾರಣಕ್ಕಾಗಿಯೇ ಮೇಲೆ ತಿಳಿಸಿದ ಅಮೆರಿಕದ ಸಂಸ್ಥೆಯು, ಸ್ಲಿಕ್ ಟೈರ್ ಬಳಸಿ ಕಾಲು ಮೈಲಿಯನ್ನು 13.99 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಸಮಯದಲ್ಲಿ ಕ್ರಮಿಸುವ ಕಾರುಗಳಿಗೆ ಶಾಫ್ಟಿನ ಸುತ್ತ ಉಕ್ಕಿನ ಬಳೆಯನ್ನು ಕಡ್ಡಾಯ ಮಾಡಿದೆ. ರಸ್ತೆ ಟೈರ್ ಬಳಸುವ ಕಾರುಗಳಿಗೆ 11.49 ಸೆಕೆಂಡಿನವರೆಗೆ ಈ ನಿಯಮದಿಂದ ವಿನಾಯಿತಿ ಇದೆ. 10.99 ಸೆಕೆಂಡು ಅಥವಾ ಅದಕ್ಕಿಂತ ವೇಗದ ಕಾರುಗಳಿಗೆ ಬಲಪಡಿಸಿದ ಆಕ್ಸಲ್ ಶಾಫ್ಟ್ ಮತ್ತು ಚಕ್ರ ಕಳಚದಂತೆ ತಡೆಯುವ ಸಾಧನವೂ ಕಡ್ಡಾಯ. ಒಂದೇ ವೇಗದ ಎರಡು ಕಾರುಗಳಿಗೆ ಟೈರಿನ ಆಧಾರದ ಮೇಲೆ ಬೇರೆ ಬೇರೆ ನಿಯಮ ಇರುವುದು ಗಮನಾರ್ಹ. ಶಾಫ್ಟಿನ ಮೇಲಿನ ಹೊರೆಯನ್ನು ನಿರ್ಧರಿಸುವಲ್ಲಿ ಟೈರಿನ ಪಾತ್ರ ಎಷ್ಟೆಂಬುದು ಇದರಿಂದ ತಿಳಿದುಬರುತ್ತದೆ.

7. ಮುರಿತವು ಕೂಡಲೇ ಸಂಭವಿಸದೆ ಇರಬಹುದು

ಡ್ರ್ಯಾಗ್ ಟೈರ್ ಹಾಕಿ ಎರಡು ಮೂರು ಬಾರಿ ಜೋರಾಗಿ ಓಡಿಸಿದರೂ ಏನೂ ಆಗಲಿಲ್ಲ, ಆದುದರಿಂದ ಕಾರು ಗಟ್ಟಿಯಾಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಲೋಹಕ್ಕೆ ಮಿತಿಮೀರಿದ ಹೊರೆ ಪದೇ ಪದೇ ಬಿದ್ದಾಗ, ಶಾಫ್ಟಿನ ಹಲ್ಲುಗಳ ಬುಡದಲ್ಲಿ ಅಥವಾ ಉಂಗುರ ಕೂರುವ ಗಾಡಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕು ಹುಟ್ಟುತ್ತದೆ. ಅದು ಪ್ರತಿ ಹೊರೆಗೂ ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ. ಕೊನೆಗೆ ಉಳಿದ ಲೋಹವು ಸಾಧಾರಣ ಹೊರೆಯನ್ನೂ ತಾಳಲಾರದೆ ಮುರಿಯುತ್ತದೆ. ಇದಕ್ಕೆ ಲೋಹದ ಆಯಾಸ ಎಂದು ಹೆಸರು.

ಆದುದರಿಂದ ಮುರಿತವು ಸ್ಪರ್ಧೆಯ ದಿನವೇ ಆಗಬೇಕೆಂದಿಲ್ಲ. ಸಾಮಾನ್ಯ ಟೈರುಗಳನ್ನು ಮರಳಿ ಹಾಕಿಸಿದ ಎಷ್ಟೋ ದಿನಗಳ ನಂತರ, ಕುಟುಂಬದವರು ಕುಳಿತಿರುವಾಗ, ಬೀದರ್‌ನಿಂದ ಭಾಲ್ಕಿಗೆ ಅಥವಾ ಹುಮನಾಬಾದ್ ಬಳಿಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗುತ್ತಿರುವಾಗಲೂ ಆಗಬಹುದು. ಬಳಸಿದ ಕಾರನ್ನು ಕೊಳ್ಳುವವರು ಈ ಅಂಶವನ್ನು ವಿಶೇಷವಾಗಿ ಗಮನದಲ್ಲಿ ಇರಿಸಿಕೊಳ್ಳುವುದು ಸೂಕ್ತ. ಹಿಂದಿನ ಮಾಲೀಕನು ಮಾಡಿದ ಹಾನಿಯ ಫಲವನ್ನು ಹೊಸ ಮಾಲೀಕನು ಅನುಭವಿಸಬೇಕಾಗಬಹುದು.

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ವಾಹನವನ್ನು ಕೂಡಲೇ ನುರಿತ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸತಕ್ಕದ್ದು:

(1) ಸ್ಟೀರಿಂಗ್ ತಿರುಗಿಸಿ ಹೊರಟಾಗ ಟಕ್ ಟಕ್ ಎಂಬ ಸದ್ದು. ಇದು ಸಿ.ವಿ. ಜಾಯಿಂಟ್ ಸವೆದಿರುವ ಸೂಚನೆ.
(2) ಕ್ಲಚ್ ಬಿಟ್ಟಾಗ ಅಥವಾ ಆಕ್ಸಿಲರೇಟರ್ ಒತ್ತಿದಾಗ ಕೆಳಗಿನಿಂದ ಬರುವ ಧಡ್ ಎಂಬ ಶಬ್ದ.
(3) ಹಿಂಬದಿಯ ಅಚ್ಚಿನಿಂದ ನಿರಂತರ ಗುಂಯ್ ಎಂಬ ಸ್ವರ.
(4) ಅಚ್ಚಿನ ತುದಿಯಲ್ಲಿ ಅಥವಾ ಗೇರ್ ಬಾಕ್ಸ್ ಬಳಿ ಎಣ್ಣೆಯ ಸೋರಿಕೆ.
(5) ಕ್ಲಚ್ ಸುಟ್ಟ ವಾಸನೆ, ಅಥವಾ ಎಂಜಿನ್ ಸದ್ದು ಏರಿದರೂ ವಾಹನದ ವೇಗ ಏರದಿರುವುದು.
(6) ವೇಗ ಹೆಚ್ಚಿದಂತೆ ಹೆಚ್ಚುವ ನಡುಕ.

8. ಬಲಪಡಿಸಿದರೆ ಸಾಲದೇ?

ಒಂದು ಭಾಗವನ್ನು ಬಲಪಡಿಸಿದಾಗ ಹೊರೆಯು ಮಾಯವಾಗುವುದಿಲ್ಲ, ಸರಪಳಿಯ ಮುಂದಿನ ದುರ್ಬಲ ಕೊಂಡಿಗೆ ವರ್ಗಾವಣೆಯಾಗುತ್ತದೆ. ಗಟ್ಟಿಯಾದ ಕ್ಲಚ್ ಹಾಕಿದರೆ, ಮೊದಲು ಕ್ಲಚ್ ಜಾರಿ ಉಳಿಯುತ್ತಿದ್ದ ಗೇರಿನ ಹಲ್ಲು ಮುರಿಯುತ್ತದೆ. ಗೇರನ್ನು ಬಲಪಡಿಸಿದರೆ ಡಿಫರೆನ್ಷಿಯಲ್ ಒಡೆಯುತ್ತದೆ. ಅದನ್ನೂ ಬಲಪಡಿಸಿದರೆ ಶಾಫ್ಟ್ ತಿರುಚಿಕೊಳ್ಳುತ್ತದೆ. ಆದುದರಿಂದಲೇ ಸ್ಪರ್ಧೆಯ ಕಾರುಗಳಲ್ಲಿ ಇಡೀ ವ್ಯವಸ್ಥೆಯನ್ನು ಒಟ್ಟಾಗಿ ಲೆಕ್ಕ ಹಾಕಿ, ವಿಶೇಷ ಮಿಶ್ರಲೋಹದ ಶಾಫ್ಟುಗಳನ್ನು ಅಳವಡಿಸಿ, ಪ್ರತಿ ಸ್ಪರ್ಧೆಯ ನಂತರ ಪರೀಕ್ಷಿಸಲಾಗುತ್ತದೆ. ಇದರ ಒಟ್ಟು ವೆಚ್ಚದ ಮುಂದೆ ಟೈರಿನ ಬೆಲೆಯು ಅಲ್ಪವೆನಿಸುವುದು. ಟೈರಿನ ದರಪಟ್ಟಿಯನ್ನು ನೋಡಿ ತೀರ್ಮಾನ ಕೈಗೊಳ್ಳುವವರು ಲೆಕ್ಕದ ಒಂದು ಬದಿಯನ್ನು ಮಾತ್ರ ನೋಡಿದಂತಾಗುತ್ತದೆ.

9. ರಸ್ತೆ ಬಳಕೆಯಲ್ಲಿ ಡ್ರ್ಯಾಗ್ ಟೈರಿನ ಇತರ ದೋಷಗಳು

(ಅ) ಮಳೆಗಾಲ: ಗೆರೆಗಳಿಲ್ಲದ ಅಥವಾ ಅಲ್ಪ ಗೆರೆಗಳ ಟೈರು ಒದ್ದೆ ರಸ್ತೆಯಲ್ಲಿ ನೀರಿನ ಪದರದ ಮೇಲೆ ತೇಲುತ್ತದೆ. ಆಗ ಬ್ರೇಕ್ ಮತ್ತು ಸ್ಟೀರಿಂಗ್ ಎರಡೂ ಕೆಲಸ ಮಾಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇದು ಅತ್ಯಂತ ಅಪಾಯಕಾರಿ.

(ಆ) ಬೇಸಿಗೆ: ಮೃದು ರಬ್ಬರು ಬಹುಬೇಗ ಸವೆಯುತ್ತದೆ. ಸ್ಪರ್ಧೆಯಲ್ಲಿ ಈ ಟೈರುಗಳನ್ನು ಕಡಿಮೆ ಗಾಳಿಯ ಒತ್ತಡದಲ್ಲಿ ಬಳಸಲಾಗುತ್ತದೆ. ಅದೇ ಒತ್ತಡದಲ್ಲಿ ಹೆದ್ದಾರಿಯ ದೀರ್ಘ ಪ್ರಯಾಣ ಕೈಗೊಂಡರೆ ಪಕ್ಕದ ಗೋಡೆಯು ಬಿಸಿಯಾಗಿ ಟೈರು ಸಿಡಿಯಬಹುದು.

(ಇ) ತಿರುವು: ತೆಳುವಾದ ಪಕ್ಕದ ಗೋಡೆಯು ತಿರುವಿನಲ್ಲಿ ವಾಹನವನ್ನು ಸ್ಥಿರವಾಗಿ ಹಿಡಿಯುವುದಿಲ್ಲ. ಮುಂದೆ ಒಂದು ರಚನೆಯ, ಹಿಂದೆ ಇನ್ನೊಂದು ರಚನೆಯ ಟೈರ್ ಹಾಕಿದಾಗ ಈ ಅಸ್ಥಿರತೆ ಮತ್ತಷ್ಟು ಹೆಚ್ಚುತ್ತದೆ.

(ಈ) ಅಳತೆಯ ವ್ಯತ್ಯಾಸ: ಟೈರಿನ ಮೇಲಿರುವ 185/65 ಆರ್ 15 88 ಎಚ್ ಎಂಬ ಗುರುತಿನಲ್ಲಿ 185 ಎಂಬುದು ಮಿ.ಮೀ.ಗಳಲ್ಲಿ ಅಗಲ, 65 ಎಂಬುದು ಅಗಲಕ್ಕೆ ಎತ್ತರದ ಶೇಕಡ ಪ್ರಮಾಣ, ಆರ್ ಎಂದರೆ ರೇಡಿಯಲ್, 15 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ, 88 ಎಂಬುದು ಪ್ರತಿ ಟೈರಿಗೆ 560 ಕಿ.ಗ್ರಾಂ. ಭಾರ ಹೊರುವ ಸಾಮರ್ಥ್ಯದ ಸೂಚಿ, ಎಚ್ ಎಂಬುದು ಗಂಟೆಗೆ 210 ಕಿ.ಮೀ. ವೇಗದ ಮಿತಿ. ಈ ಟೈರಿನ ವ್ಯಾಸ ಸುಮಾರು 621 ಮಿ.ಮೀ. ಇದರ ಬದಲಿಗೆ 205/70 ಆರ್ 15 ಅಳತೆಯ ಟೈರ್ ಹಾಕಿದರೆ ವ್ಯಾಸ 668 ಮಿ.ಮೀ. ಆಗುತ್ತದೆ. ಆಗ ಸ್ಪೀಡೋಮೀಟರ್ 60 ಎಂದು ತೋರಿಸುವಾಗ ವಾಹನದ ನಿಜವಾದ ವೇಗ ಸುಮಾರು 64.5 ಕಿ.ಮೀ. ಇರುತ್ತದೆ. ಅಲ್ಲದೆ ಅದೇ ಎಳೆತದ ಬಲಕ್ಕೆ ಶಾಫ್ಟುಗಳು ಶೇಕಡ 7.5ರಷ್ಟು ಹೆಚ್ಚಿನ ತಿರುಚುಬಲವನ್ನು ಹೊರಬೇಕಾಗುತ್ತದೆ.

10. ಕಾನೂನಿನ ಅಂಶಗಳು

(ಅ) ಮೋಟಾರು ವಾಹನಗಳ ಕಾಯ್ದೆ 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ನೀಡಿದ ತೀರ್ಪಿನಲ್ಲಿ ಈ ನಿಬಂಧನೆಯನ್ನು ಎತ್ತಿಹಿಡಿದಿದೆ.

(ಆ) 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಪ್ರಕರಣ 182ಎ(4)ರ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

(ಇ) ಪ್ರಕರಣ 189ರ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ನಡೆಸುವುದು ಅಪರಾಧ. ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ; ನಂತರದ ಅಪರಾಧಗಳಿಗೆ ಒಂದು ವರ್ಷದವರೆಗಿನ ಕಾರಾವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ರಾತ್ರಿಯ ವೇಳೆ ಖಾಲಿ ಇರುವ ರಿಂಗ್ ರಸ್ತೆಯಾಗಲಿ, ನೌಬಾದದ ಕೈಗಾರಿಕಾ ಪ್ರದೇಶದ ರಸ್ತೆಯಾಗಲಿ ಸಾರ್ವಜನಿಕ ಸ್ಥಳವೇ ಆಗಿರುತ್ತದೆ.

(ಈ) ಸಾಧಾರಣ ಎಚ್ಚರಿಕೆಯಿಂದ ಪತ್ತೆ ಮಾಡಬಹುದಾಗಿದ್ದ ದೋಷವಿರುವ ವಾಹನವನ್ನು ಓಡಿಸಿ ಅಪಘಾತದಲ್ಲಿ ಯಾರಿಗಾದರೂ ಗಾಯವಾದಲ್ಲಿ ಪ್ರಕರಣ 190 ಅನ್ವಯವಾಗುತ್ತದೆ.

(ಉ) ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ನಿಯಮ 94ರ ಪ್ರಕಾರ ಕಾರಿನ ಟೈರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರತಕ್ಕದ್ದಲ್ಲ. ಸ್ಲಿಕ್ ಟೈರಿನಲ್ಲಿ ಗೆರೆಗಳೇ ಇಲ್ಲದ ಕಾರಣ ಅದು ಹೊಸದಾಗಿದ್ದರೂ ಈ ನಿಯಮವನ್ನು ಪೂರೈಸುವುದಿಲ್ಲ. ನಿಯಮ 95 ಟೈರಿನ ಅಳತೆ ಮತ್ತು ಪದರ ಸಾಮರ್ಥ್ಯಕ್ಕೆ ಸಂಬಂಧಿಸಿದೆ.

11. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಖಾಸಗಿ ಕಾರಿನ ನೋಂದಣಿಯು 15 ವರ್ಷಗಳ ಅವಧಿಗೆ ಇದ್ದು, ನಂತರ 5 ವರ್ಷಗಳ ಅವಧಿಗೆ ನವೀಕರಿಸಲಾಗುತ್ತದೆ. ನವೀಕರಣದ ವೇಳೆ ವಾಹನದ ತಪಾಸಣೆ ನಡೆಯುತ್ತದೆ. ಸಾರಿಗೆ ವಾಹನಗಳಿಗೆ 8 ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪತ್ರದ ನವೀಕರಣ ಅಗತ್ಯ.

(2) ತಪಾಸಣೆಗೆ ಬರುವ ಮುನ್ನ ಟೈರುಗಳ ಅಳತೆಯು ಮಾಲೀಕರ ಕೈಪಿಡಿಯಲ್ಲಿ ಅಥವಾ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ನಮೂದಿಸಿರುವ ಅಳತೆಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು.

(3) ಟೈರ್ ಬದಲಾಯಿಸಬೇಕಾದಲ್ಲಿ ತಯಾರಕರು ಅದೇ ಮಾದರಿಗೆ ಸೂಚಿಸಿರುವ ಅಳತೆಯನ್ನೇ ಆರಿಸುವುದು, ಭಾರ ಸೂಚಿ ಮತ್ತು ವೇಗ ಸೂಚಿಯು ಮೂಲ ಟೈರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಹಾಗೂ ಭಾರತೀಯ ಮಾನಕದ ಗುರುತನ್ನು ಪರಿಶೀಲಿಸುವುದು ಅಗತ್ಯ. ಹೈದರಾಬಾದ್ ಮುಂತಾದ ನಗರಗಳಿಂದ ಬಳಸಿದ ಅಥವಾ ಆಮದು ಟೈರುಗಳನ್ನು ತರಿಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

(4) ಕಾನೂನಿನಲ್ಲಿ ಅನುಮತಿಸಲಾದ ಮಾರ್ಪಾಡುಗಳಿಗೆ, ಉದಾಹರಣೆಗೆ ಅನುಮೋದಿತ ಅನಿಲ ಇಂಧನ ಕಿಟ್ ಅಳವಡಿಕೆಗೆ, ಪರಿವಾಹನ್ ಜಾಲತಾಣದಲ್ಲಿ ವಾಹನ ಮಾರ್ಪಾಡು ಸೇವೆಯಡಿ ಅರ್ಜಿ ಸಲ್ಲಿಸಬಹುದಾಗಿದೆ.

(5) ಅನುಮತಿಯಿಲ್ಲದ ಮಾರ್ಪಾಡನ್ನು ಈಗಾಗಲೇ ಮಾಡಿಸಿರುವವರು ವಾಹನವನ್ನು ಮೂಲ ಸ್ಥಿತಿಗೆ ತರುವುದರ ಜೊತೆಗೆ ಕ್ಲಚ್, ಜಾಯಿಂಟ್ ಮತ್ತು ಶಾಫ್ಟುಗಳನ್ನು ಪರೀಕ್ಷೆ ಮಾಡಿಸುವುದು ಸೂಕ್ತ.

(6) ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರದ ಕೋರಿಕೆಯ ಸಮಯದಲ್ಲಿ ಆಕ್ಷೇಪಣೆಗೆ ಕಾರಣವಾಗಬಹುದು. ತಯಾರಕರ ವಾರಂಟಿಗೂ ಇದು ಬಾಧಕವಾಗಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉತ್ತಮ ಹಿಡಿತದ ಟೈರ್ ಬೇಕೆಂದರೆ ಏನು ಮಾಡಬೇಕು?
ಉತ್ತರ: ಮೂಲ ಅಳತೆಯಲ್ಲಿಯೇ ಉತ್ತಮ ದರ್ಜೆಯ ರಸ್ತೆ ಟೈರುಗಳು ಲಭ್ಯವಿರುತ್ತವೆ. ಸರಿಯಾದ ಗಾಳಿಯ ಒತ್ತಡ ಮತ್ತು ಸಾಕಷ್ಟು ಆಳದ ಗೆರೆಗಳು ಇದ್ದಲ್ಲಿ ಅವು ಬ್ರೇಕ್ ಹಾಕುವಾಗಲೂ ಮಳೆಯಲ್ಲೂ ಸುರಕ್ಷಿತ ಹಿಡಿತ ನೀಡುತ್ತವೆ.

ಪ್ರಶ್ನೆ: ಸ್ಪರ್ಧೆಯಲ್ಲಿ ಭಾಗವಹಿಸುವ ಆಸಕ್ತಿ ಇದ್ದರೆ?
ಉತ್ತರ: ಒಕ್ಕೂಟದ ಮಾನ್ಯತೆ ಪಡೆದ ಕ್ಲಬ್‌ಗಳ ಮೂಲಕ ಪರವಾನಗಿ ಪಡೆದು, ಮುಚ್ಚಿದ ಪಥದಲ್ಲಿ, ತಾಂತ್ರಿಕ ತಪಾಸಣೆಗೆ ಒಳಪಟ್ಟು ಭಾಗವಹಿಸಬಹುದಾಗಿದೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಮ್ಮ ರಾಜ್ಯದ ಅಂತಹ ಹಳೆಯ ಸಂಸ್ಥೆಗಳಲ್ಲಿ ಒಂದು. ಸ್ಪರ್ಧೆಯ ಟೈರುಗಳನ್ನು ಪಥದಲ್ಲಿಯೇ ಅಳವಡಿಸಿ, ಅಲ್ಲಿಯೇ ತೆಗೆಯುವುದು ಅಥವಾ ಸ್ಪರ್ಧೆಯ ಕಾರನ್ನು ಬೇರೊಂದು ವಾಹನದ ಮೇಲೆ ಸಾಗಿಸುವುದು ಸರಿಯಾದ ಕ್ರಮ.

ಪ್ರಶ್ನೆ: ಎಂಜಿನ್ನಿನ ಶಕ್ತಿ ಕಡಿಮೆ ಇರುವ ಸಣ್ಣ ಕಾರಿಗೆ ಅಪಾಯವಿಲ್ಲವೇ?
ಉತ್ತರ: ಅಪಾಯವಿದೆ. ಸಣ್ಣ ಕಾರಿನ ಶಾಫ್ಟುಗಳೂ ಅದಕ್ಕೆ ತಕ್ಕಂತೆ ಸಣ್ಣದಾಗಿಯೇ ಇರುತ್ತವೆ. ಕ್ರಮ ಸಂಖ್ಯೆ 5ರಲ್ಲಿರುವ ಲೆಕ್ಕವು ಸಣ್ಣ ಕಾರಿನದ್ದೇ ಆಗಿದೆ.

13. ಕೊನೆಯ ಮಾತು

ವಾಹನದ ತಯಾರಕರು ಟೈರಿನ ಅಳತೆ ಮತ್ತು ಬಗೆಯನ್ನು ನಿಗದಿಪಡಿಸುವಾಗ ಕ್ಲಚ್ಚಿನಿಂದ ಹಬ್ಬಿನವರೆಗಿನ ಎಲ್ಲ ಭಾಗಗಳ ಬಲವನ್ನು ಗಣನೆಗೆ ತೆಗೆದುಕೊಂಡಿರುತ್ತಾರೆ. ಟೈರು ಒಂದನ್ನೇ ಬದಲಾಯಿಸಿದಾಗ ಆ ಸಮತೋಲನ ತಪ್ಪುತ್ತದೆ. ವಾಹನದಲ್ಲಿ ಕುಳಿತವರ ಹಾಗೂ ರಸ್ತೆಯಲ್ಲಿ ನಡೆಯುವವರ ಪ್ರಾಣರಕ್ಷಣೆಯ ದೃಷ್ಟಿಯಿಂದ ನಾಗರಿಕರು ಈ ಅಂಶಗಳನ್ನು ಗಮನಿಸಿ ಸಹಕರಿಸಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ವಾಹನವು ನೋಂದಣಿಯಾಗಿರುವ ಪ್ರಾದೇಶಿಕ ಅಥವಾ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಕಾಯ್ದೆ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.